ಉಪ್ಪು ತಿಂದ ತಂತಿ: ಥ್ರಾಟಲ್ ಕೊಟ್ಟಾಗ ನಿಲ್ಲುವ ಆರ್‌ಸಿ ಕಾರಿನ ದೋಷ ಹುಡುಕಿದ ಬಗೆ

ಜುಲೈ ತಿಂಗಳ ಒಂದು ಸಂಜೆ, ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದ್ದಾಗ ಶಿರಸಿಯಿಂದ ಅಕ್ಕನ ಮಗನ ಫೋನು. "ಮಾವಾ, ಕಾರು ಜೋರು ಬಿಟ್ಟಕೂಡ್ಲೆ ನಿಂತುಹೋಗ್ತು. ಎಂತ ಮಾಡವು?"

ನಾನು ಕಾರವಾರದ ಕೋಡಿಬಾಗದಲ್ಲಿ ಕೂತು, ರಿಮೋಟಿನಲ್ಲಿ ಓಡಿಸುವ ಆ ಆರ್‌ಸಿ ಕಾರನ್ನು ಕಣ್ಣಿಂದಲೂ ನೋಡದೆ, "ಬ್ಯಾಟರಿ ಹೋಯ್ದು ಅಪ್ಪಿ, ಬೇರೆ ತಗ" ಅಂದುಬಿಟ್ಟೆ. ಹೊಸ ಬ್ಯಾಟರಿ ಬಂತು, ರೋಗ ಹಾಗೇ ಇತ್ತು. ಎರಡನೇ ಫೋನಿಗೆ "ಹಾಗಾದ್ರೆ ಇಎಸ್‌ಸಿ" ಅಂದೆ, ಅಂದರೆ ಮೋಟರಿನ ವೇಗ ಹಿಡಿದಿಡುವ ಡಬ್ಬಿ. ಅದೂ ಬಂತು, ರೋಗ ಅಲ್ಲಾಡಲಿಲ್ಲ. ಮೂರನೇ ಫೋನು ಅವನದ್ದಲ್ಲ, ಅಕ್ಕನದ್ದು. ಅದರಲ್ಲಿ ಕಾರಿನ ವಿಷಯ ಕಮ್ಮಿ, ದುಡ್ಡಿನ ವಿಷಯ ಜಾಸ್ತಿ ಇತ್ತು. ಮುಂದಿನ ಭಾನುವಾರ ಹುಡುಗ ಕಾರನ್ನು ಚೀಲದಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿದು ಬಂದ. ಆವತ್ತು ಮಧ್ಯಾಹ್ನ ಎರಡು ತಾಸು ಕೂತು ಮಾಡಿದ ಕೆಲಸವನ್ನು ಮೊದಲನೇ ಫೋನಿನ ದಿನವೇ ಮಾಡಿಸಿದ್ದರೆ ಬ್ಯಾಟರಿಯೂ ಬೇಕಿರಲಿಲ್ಲ, ಇಎಸ್‌ಸಿಯೂ ಬೇಕಿರಲಿಲ್ಲ. ಇದೇ ತೊಂದರೆ ಇನ್ನೊಬ್ಬರ ಮನೆಯಲ್ಲೂ ಆಗಬಹುದು, ಅದರಲ್ಲೂ ಕರಾವಳಿಯಲ್ಲಿ. ಅದಕ್ಕೇ ಇಷ್ಟು ಬರೆದಿಡುತ್ತಿದ್ದೇನೆ.

ಕಾರು ಯಾವುದು, ವೈರಿಂಗ್ ಹೇಗೆ

ಒಂದಕ್ಕೆ ಹತ್ತರ ಅಳತೆಯ, ನಾಲ್ಕೂ ಚಕ್ರ ಎಳೆಯುವ ಕಾರು. ಸೆನ್ಸರ್ ಇಲ್ಲದ ಬ್ರಶ್‌ಲೆಸ್ ಮೋಟರ್, 2 ಸೆಲ್ಲಿನ 5000 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಟಿ ಆಕಾರದ ಪ್ಲಗ್. ಬ್ಯಾಟರಿಯಿಂದ ಕೆಂಪು-ಕಪ್ಪು ದಪ್ಪ ವೈರು ಪ್ಲಗ್ಗಿಗೆ, ಪ್ಲಗ್ಗಿನಿಂದ ಇಎಸ್‌ಸಿಗೆ. ಅದರಿಂದ ಮೂರು ದಪ್ಪ ವೈರು ಮೋಟರಿಗೆ ಹೋಗುತ್ತವೆ, ಮೂರು ಎಳೆಯ ಒಂದು ತೆಳು ವೈರು ರಿಮೋಟಿನ ಸಂಕೇತ ಹಿಡಿಯುವ ರಿಸೀವರಿಗೆ. ಸ್ಟೇರಿಂಗ್ ಸರ್ವೊ (ಮುಂದಿನ ಚಕ್ರ ಹೊರಳಿಸುವ ಸಣ್ಣ ಮೋಟರು) ರಿಸೀವರಿನ 1ನೇ ಚಾನೆಲ್‌ನಲ್ಲಿ, ಇಎಸ್‌ಸಿ 2ನೇ ಚಾನೆಲ್‌ನಲ್ಲಿ. ರಿಸೀವರಿಗೂ ಸರ್ವೊಗೂ ಬೇರೆ ಬ್ಯಾಟರಿ ಇಲ್ಲ. ಇಎಸ್‌ಸಿಯೊಳಗಿನ ಬಿಇಸಿ ಅನ್ನುವ ಸಣ್ಣ ಸರ್ಕ್ಯೂಟು ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 5 ಅಥವಾ 6 ವೋಲ್ಟಿಗೆ ಇಳಿಸಿ, ಆ ತೆಳು ವೈರಿನ ಕೆಂಪು ಎಳೆಯಲ್ಲಿ ಅವಕ್ಕೆ ಕಳಿಸುತ್ತದೆ. ಈ ಒಂದು ಮಾತು ನೆನಪಿದ್ದರೆ ಅರ್ಧ ರೋಗ ಕೂತಲ್ಲೇ ಗೊತ್ತಾಗುತ್ತದೆ.

ಫೋನಿನಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆ

ಕಾರು ನಿಂತ ಆ ಕ್ಷಣದಲ್ಲಿ ಸ್ಟೇರಿಂಗ್ ತಿರುಗುತ್ತದೋ ಇಲ್ಲವೋ?

ಇಷ್ಟೇ. ಇದನ್ನು ಕೇಳದೆ ಮಾಡಿದ ಮದ್ದೆಲ್ಲ ಕತ್ತಲಲ್ಲಿ ಗುಂಡು ಹೊಡೆದಂತೆ. ಸ್ಟೇರಿಂಗ್ ತಿರುಗುತ್ತಾ ಮೋಟರ್ ಮಾತ್ರ ನಿಂತರೆ ರಿಸೀವರಿಗೆ ಕರೆಂಟು ಸಿಗುತ್ತಿದೆ, ರಿಮೋಟಿನ ಮಾತೂ ಕೇಳುತ್ತಿದೆ. ಮೋಟರನ್ನು ನಿಲ್ಲಿಸಿದ್ದು ಇಎಸ್‌ಸಿಯೇ, ಬೇಕೆಂದೇ. ಸ್ಟೇರಿಂಗೂ ಸತ್ತು, ರಿಸೀವರಿನ ದೀಪ ಆರಿ ಹತ್ತಿ, ಒಂದೆರಡು ಸೆಕೆಂಡಿನ ಮೇಲೆ ಎರಡೂ ಜೀವ ಹಿಡಿದರೆ ಬಿಇಸಿಯ ವೋಲ್ಟೇಜ್ ಕುಸಿಯುತ್ತಿದೆ. ಸ್ಟೇರಿಂಗ್ ಸರಿಯಿದ್ದು, ಹೊರಡುವಾಗ ಮೋಟರ್ ಗರಗರ ನಡುಗಿ ಮುಂದೆ ಹೋಗದಿದ್ದರೆ ಮೋಟರಿನ ಮೂರು ವೈರುಗಳಲ್ಲಿ ಒಂದು ಸಡಿಲ. ಹತ್ತಿರವಿದ್ದಾಗ ಎಲ್ಲ ಸರಿ, ದೂರ ಹೋದಂತೆ ಹುಚ್ಚಾಟ ಅಂದರೆ ರೇಡಿಯೊ ಕಡೆ ನೋಡಬೇಕು.

"ಸ್ಟೇರಿಂಗ್ ತಿರುಗ್ತು ಮಾವಾ. ಇಎಸ್‌ಸಿಲಿ ಕೆಂಪು ದೀಪ ಮಿಟುಕ್ತು" ಅಂದ, ಎದುರು ಕೂತು ಕೇಳಿದಾಗ. ಮೊದಲೇ ಹೇಳಬಾರದಿತ್ತಾ ಅಂತ ಬಾಯಿಗೆ ಬಂತು. ಆದರೆ ಕೇಳದವನು ನಾನು.

ಇಎಸ್‌ಸಿ ಬೇಕೆಂದೇ ನಿಲ್ಲಿಸುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ಕಾವು ಮಿತಿ ಮೀರಿದ್ದು. ಇನ್ನೊಂದು, ಬ್ಯಾಟರಿಯ ವೋಲ್ಟೇಜ್ ಇಳಿದದ್ದು. ಲಿಪೊ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಅದನ್ನು 3 ವೋಲ್ಟಿಗಿಂತ ಕೆಳಗೆ ಹಿಂಡಿದರೆ ಸೆಲ್ ಹಾಳು. ಅದಕ್ಕೇ ಇಎಸ್‌ಸಿ ಒಂದು ಗೆರೆ ಹಾಕಿಕೊಂಡಿರುತ್ತದೆ. ಇವನದ್ದರಲ್ಲಿ ಸೆಲ್ಲಿಗೆ 3.2, ಎರಡು ಸೆಲ್ಲಿಗೆ 6.4 ವೋಲ್ಟ್. ಅದಕ್ಕಿಂತ ಕೆಳಗೆ ಕಂಡರೆ ದೀಪ ಮಿಟುಕಿಸಿ ಮೋಟರಿಗೆ ಶಕ್ತಿ ಕಡಿತ. ಹೊರಟು ಒಂದು ನಿಮಿಷವೂ ಆಗದೆ, ಇಎಸ್‌ಸಿ ತಣ್ಣಗಿರುವಾಗಲೇ ನಿಲ್ಲುವುದರಿಂದ ಕಾವಿನ ಮಾತು ಬಿಟ್ಟೆವು. ಉಳಿದದ್ದು ವೋಲ್ಟೇಜ್.

ಬ್ಯಾಟರಿಗೆ ಮೀಟರ್ ಇಟ್ಟರೆ 8.1 ವೋಲ್ಟ್! ಸೆಲ್ಲುಗಳನ್ನು ಬ್ಯಾಲೆನ್ಸ್ ವೈರಿನಲ್ಲಿ (ಒಂದೊಂದು ಸೆಲ್ಲಿಗೂ ಸೇರಿದ ತೆಳು ವೈರು) ಬೇರೆಬೇರೆಯಾಗಿ ಅಳೆದರೆ 4.05, 4.05. ಅಣ್ಣತಮ್ಮಂದಿರ ಹಾಗೆ ಸಮಸಮ. ಒಂದು ಸೆಲ್ 4.0, ಇನ್ನೊಂದು 3.6 ಅಂತೇನಾದರೂ ಬಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಳೇ ಬ್ಯಾಟರಿಯದ್ದೂ ಸಮವಾಗೇ ಇತ್ತು. (ಅದನ್ನು ಸತ್ತದ್ದು ಅಂದವನು ನಾನೇ.) ಇಷ್ಟು ಚೆನ್ನಾಗಿರುವ ಬ್ಯಾಟರಿಯನ್ನು ಇಎಸ್‌ಸಿ 6.4ಕ್ಕಿಂತ ಕೆಳಗೆ ಯಾಕೆ ಕಾಣುತ್ತಿದೆ?

ಇಲ್ಲೊಂದು ಸೆಟ್ಟಿಂಗ್ ನೋಡಿಬಿಡಬೇಕು. ಇಎಸ್‌ಸಿಯಲ್ಲಿ ಬ್ಯಾಟರಿ ಜಾತಿ ಹೇಳುವ ಜಂಪರೋ ಪ್ರೋಗ್ರಾಮೋ ಇರುತ್ತದೆ, ಲಿಪೊ ಅಥವಾ ನಿಕಲ್. ನಿಕಲ್ ಬ್ಯಾಟರಿ ಹಾಕಿ ಲಿಪೊ ಅಂತ ಇಟ್ಟರೆ ಬೇಗ ನಿಲ್ಲುತ್ತದೆ, ಅದರಿಂದ ನಷ್ಟವೇನಿಲ್ಲ. ಲಿಪೊ ಹಾಕಿ ನಿಕಲ್ ಅಂತ ಇಟ್ಟರೆ ನಿಲ್ಲಬೇಕಾದಲ್ಲಿ ನಿಲ್ಲದೆ ಬ್ಯಾಟರಿಯನ್ನೇ ಕೊಲ್ಲುತ್ತದೆ. ಇವನದು ಲಿಪೊದಲ್ಲೇ ಇತ್ತು, ಸರಿಯಾಗಿತ್ತು.

ಬೀಪ್ ಎಂಬ ಸುಳ್ಳು ಸಾಕ್ಷಿ

ಬ್ಯಾಟರಿ ಬದಲಾಯಿತು, ಇಎಸ್‌ಸಿ ಬದಲಾಯಿತು. ಬದಲಾಗದೆ ಉಳಿದದ್ದೇನು ಅಂತ ಕೇಳಿದೆ. ಹುಡುಗ ಸ್ವಲ್ಪ ಯೋಚಿಸಿ, "ಪ್ಲಗ್ಗು" ಅಂದ. ಹೊಸ ಇಎಸ್‌ಸಿ ಬಂದಾಗ ಅದಕ್ಕೆ ಪ್ಲಗ್ ಇರಲಿಲ್ಲವಂತೆ. ಟಿ ಪ್ಲಗ್ಗಿಗೆ ಬೆಸುಗೆ ಹಾಕುವುದು ಕಷ್ಟ ಅಂತ ಹಳೇ ಇಎಸ್‌ಸಿಯ ಪ್ಲಗ್ಗನ್ನು ಎರಡು ಇಂಚು ವೈರಿನ ಸಮೇತ ಕತ್ತರಿಸಿ, ಹೊಸದರ ವೈರಿಗೆ ಕಸಿ ಕಟ್ಟಿದ್ದ. ಮೇಲೆ ಹೀಟ್ ಶ್ರಿಂಕ್ (ಕಾವು ಕೊಟ್ಟರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ ಚೆಂದವೂ ಮಾಡಿದ್ದ. ಜಾಣತನದ ಕೆಲಸವೇ. ಆದರೆ ರೋಗ ಆ ಎರಡು ಇಂಚಿನೊಳಗೆ ಕೂತು, ಹಳೇ ಮನೆಯಿಂದ ಹೊಸ ಮನೆಗೆ ಬಂದಿತ್ತು.

"ಅದನ್ನ ಮೀಟರಲ್ಲಿ ನೋಡಿದ್ದೆ, ಬೀಪ್ ಬರ್ತು" ಅಂದ. ಎಲ್ಲರೂ ಎಡವುವುದು ಇಲ್ಲೇ. ಮಲ್ಟಿಮೀಟರಿನ ಬೀಪ್ ಹತ್ತಾರು ಓಮ್ ಅಡ್ಡಿ ಇದ್ದರೂ ಕೂಗುತ್ತದೆ. ವೈರು ಪೂರ್ತಿ ತುಂಡಾಗಿದೆಯೋ ಇಲ್ಲವೋ ಅಂತಷ್ಟೇ ಅದು ಹೇಳಬಲ್ಲದು. ನಮಗೆ ಬೇಕಾದ್ದು ಓಮಿನ ನೂರನೇ ಒಂದು ಭಾಗದ ಲೆಕ್ಕ. ಓಮ್ ರೇಂಜಿಗೆ ಇಟ್ಟರೂ ಆಗದು. ಸಾಮಾನ್ಯ ಮೀಟರಿನ ಕೊನೆಯ ಅಂಕಿಯೇ 0.1 ಓಮ್. ಮೀಟರಿನ ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿದರೇ ಅಷ್ಟೋ ಅದಕ್ಕಿಂತ ಜಾಸ್ತಿಯೋ ತೋರಿಸುತ್ತದೆ.

ಸಣ್ಣ ಅಡ್ಡಿ ದೊಡ್ಡ ಕರೆಂಟಿನಲ್ಲಿ ಮಾತ್ರ ಬಾಯಿಬಿಡುತ್ತದೆ. 0.05 ಓಮ್ ಅಡ್ಡಿಯಲ್ಲಿ 1 ಆಂಪಿಯರ್ ಹರಿದರೆ ಕಳೆದುಹೋಗುವುದು 0.05 ವೋಲ್ಟ್, ಯಾರಿಗೂ ಗೊತ್ತಾಗದು. 40 ಆಂಪಿಯರ್ ಹರಿದರೆ 2 ವೋಲ್ಟ್. ಈ ಅಳತೆಯ ಬ್ರಶ್‌ಲೆಸ್ ಕಾರು ನಿಂತಲ್ಲಿಂದ ಜಿಗಿಯುವಾಗ 40 ಆಂಪಿಯರ್ ದೊಡ್ಡದೇನಲ್ಲ. ಅದಕ್ಕೇ ಚಕ್ರ ಎತ್ತಿ ಹಿಡಿದು ಓಡಿಸಿದಾಗ ಎಲ್ಲ ಸರಿ, ನೆಲಕ್ಕಿಟ್ಟು ಜೋರು ಬಿಟ್ಟರೆ ನಿಲ್ಲುವುದು.

ಹೆಡ್‌ಲೈಟ್ ಬಲ್ಬಿನ ಪರೀಕ್ಷೆ

ಹಾಗಾದರೆ ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಓಡುವ ಕಾರಿನ ಹಿಂದೆ ಮೀಟರ್ ಹಿಡಿದು ಓಡಲಾಗದು. ಮೋಟರನ್ನು ಕೈಯಲ್ಲಿ ತಡೆದು ಥ್ರಾಟಲ್ ಕೊಡುವುದು ಇನ್ನೂ ಕೆಟ್ಟದ್ದು. ಇಎಸ್‌ಸಿ ಸುಡುತ್ತದೆ, ಬೆರಳೂ ಹೋದೀತು. ನನ್ನ ಉಪಾಯ ಇದು: ಕಾರಿನ 12 ವೋಲ್ಟ್ 55 ವ್ಯಾಟಿನ ಹಳೇ ಹೆಡ್‌ಲೈಟ್ ಬಲ್ಬು. ಬೆಳಕು ಸರಿ ಬರುವುದಿಲ್ಲ ಅಂತ ಗ್ಯಾರೇಜಿನವರು ತೆಗೆದಿಟ್ಟದ್ದಾದರೂ ಆದೀತು, ಫಿಲಮೆಂಟ್ ಇದ್ದರೆ ಸಾಕು. 8 ವೋಲ್ಟಿಗೆ ಅದು ಮೂರೂವರೆ ಆಂಪಿಯರಿನ ಆಸುಪಾಸು ಎಳೆಯುತ್ತದೆ. ಎಷ್ಟು ಹೊತ್ತು ಬೇಕಾದರೂ ಒಂದೇ ಸಮನೆ ಎಳೆಯುತ್ತಾ ಕೂರುತ್ತದೆ. ಅದಷ್ಟೇ ನಮಗೆ ಬೇಕು. ಬಲ್ಬು ಸುಡುಸುಡು ಆಗುತ್ತದೆ, ಅದನ್ನು ಕಾರಿನ ಪ್ಲಾಸ್ಟಿಕ್ ಬಾಡಿಯ ಮೇಲೋ ಬ್ಯಾಟರಿಯ ಪಕ್ಕದಲ್ಲೋ ಇಡಬಾರದು. ನಾವು ಒಂದು ಚಿರೆಕಲ್ಲಿನ ತುಂಡಿನ ಮೇಲೆ ಇಟ್ಟೆವು.

ಹುಡುಗ ಕಸಿ ಕಟ್ಟಿದ್ದ ಜಾಗದ ಹೀಟ್ ಶ್ರಿಂಕನ್ನು ಬ್ಲೇಡಿನಲ್ಲಿ ಸೀಳಿ, ಇಎಸ್‌ಸಿಯ ಸ್ವಿಚ್ ಆಫ್ ಇಟ್ಟು, ಆ ಎರಡು ಬೆಸುಗೆಗೆ ಮೊಸಳೆ ಕ್ಲಿಪ್ಪಿನಲ್ಲಿ ಬಲ್ಬು ಸಿಕ್ಕಿಸಿದೆವು. ಅಂದರೆ ಬಲ್ಬಿನ ಕರೆಂಟು ಬ್ಯಾಟರಿಯಿಂದ ಹೊರಟು ಪ್ಲಗ್ಗನ್ನೂ ಆ ಎರಡಿಂಚು ಹಳೇ ವೈರನ್ನೂ ದಾಟಿಯೇ ಬರಬೇಕು. ಮೊದಲು ಮೀಟರಿನ 10 ಆಂಪಿಯರ್ ತೂತಿನಲ್ಲಿ ಕರೆಂಟು ನೋಡಿದೆ, 3.6. ಆಮೇಲೆ ಕೆಂಪು ಪಿನ್ನನ್ನು ಮರೆಯದೆ ವೋಲ್ಟ್ ತೂತಿಗೆ ವಾಪಸು ಹಾಕಿದೆ. ಮರೆತು ಹಾಗೇ ಬ್ಯಾಟರಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್. ನನ್ನ ಮೊದಲನೇ ಮೀಟರ್ ಸ್ವರ್ಗ ಸೇರಿದ್ದು ಹಾಗೇ.

ಇನ್ನು ಅಳತೆ. ಮಾಮೂಲಿನಂತೆ ಕೆಂಪಿಗೊಂದು ಕಪ್ಪಿಗೊಂದು ಮುಳ್ಳು ಇಡುವುದಲ್ಲ. ಎರಡೂ ಮುಳ್ಳು ಒಂದೇ ಬಣ್ಣದ ದಾರಿಯಲ್ಲಿ, ಒಂದು ಶುರುವಿನಲ್ಲಿ, ಒಂದು ಕೊನೆಯಲ್ಲಿ. ಬರುವ ಅಂಕಿ ಆ ದಾರಿ ನುಂಗಿದ ವೋಲ್ಟೇಜ್. ಮೀಟರ್ 200 ಮಿಲಿವೋಲ್ಟ್ ರೇಂಜಿನಲ್ಲಿ.

ಕೆಂಪು ದಾರಿ, ಬ್ಯಾಟರಿ ಕಡೆಯ ಪ್ಲಗ್ಗಿನಿಂದ ಕಸಿಯವರೆಗೆ: 14 ಮಿಲಿವೋಲ್ಟ್.

ಕಪ್ಪು ದಾರಿ, ಅಷ್ಟೇ ಉದ್ದ: 171.

ಹುಡುಗನ ಮುಖ ಬಲ್ಬಿನ ಹಾಗೆ ಆಯಿತು. ಇನ್ನು ಸುಲಭ. ಕಪ್ಪಿನ ಮುಳ್ಳುಗಳನ್ನು ಹತ್ತಿರ ತರುತ್ತಾ ಹೋಗುವುದು. ಪ್ಲಗ್ಗಿನ ಎರಡು ತಗಡು ಸೇರುವಲ್ಲಿ 6. ಬೆಸುಗೆಯ ಮೇಲೆ 5. ಉಳಿದ 160 ಪೂರ್ತಿ ಆ ಎರಡು ಇಂಚು ವೈರಿನದ್ದು. ಅಷ್ಟು ದಪ್ಪದ, ಅಷ್ಟು ಗಿಡ್ಡ ತಾಮ್ರದ ವೈರು ಈ ಕರೆಂಟಿಗೆ ಒಂದು ಮಿಲಿವೋಲ್ಟ್ ನುಂಗಿದರೆ ಹೆಚ್ಚು.

160 ಮಿಲಿವೋಲ್ಟನ್ನು 3.6 ಆಂಪಿಯರಿನಿಂದ ಭಾಗಿಸಿದರೆ 0.044 ಓಮ್. 40 ಆಂಪಿಯರಿಗೆ ಅದು ಸುಮಾರು 1.8 ವೋಲ್ಟ್. ಆರೋಗ್ಯವಂತ ಬ್ಯಾಟರಿಯೂ ಅಷ್ಟು ಎಳೆದಾಗ ಅರ್ಧ ವೋಲ್ಟ್ ಜಗ್ಗುತ್ತದೆ ಅಂದುಕೊಳ್ಳಿ. 8.1ರಲ್ಲಿ ಎರಡನ್ನೂ ಕಳೆದರೆ ಇಎಸ್‌ಸಿಗೆ ಕಾಣುವುದು 5.8. ಅದರ ಗೆರೆ 6.4. ನಿಲ್ಲಿಸದೆ ಇನ್ನೇನು ಮಾಡೀತು? ಇಎಸ್‌ಸಿಯದ್ದು ತಪ್ಪೇ ಇರಲಿಲ್ಲ, ಹಳೇದರದ್ದೂ ಇಲ್ಲ, ಹೊಸದರದ್ದೂ ಇಲ್ಲ. ಈ ಲೆಕ್ಕವೆಲ್ಲ ಬೇಡ ಅನ್ನುವವರು ನಾಲ್ಕೈದು ಸಲ ಜೋರು ಬಿಟ್ಟು, ನಿಂತ ಕೂಡಲೇ ಬ್ಯಾಟರಿ ಕಳಚಿ, ವೈರಿನುದ್ದಕ್ಕೂ ಬೆರಳಾಡಿಸಬಹುದು. ಎಲ್ಲಿ ಅಡ್ಡಿಯೋ ಅಲ್ಲಿ ಬಿಸಿ. ಅಂಗಳದಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲ.

ವೈರಿನ ರಬ್ಬರನ್ನು ಉದ್ದಕ್ಕೆ ಸೀಳಿದೆವು. ಒಳಗೆ ತಾಮ್ರದ ಬಣ್ಣವೇ ಇಲ್ಲ. ಕೂದಲಿನಂಥ ಎಳೆಗಳೆಲ್ಲ ಮಸಿಯಂತೆ ಕಪ್ಪು, ಬೆಸುಗೆಯ ಹತ್ತಿರ ಹಸಿರು ಕಿಲುಬು. ಉಗುರಲ್ಲಿ ಗೀರಿದರೆ ಎಳೆಗಳು ಪುಡಿಯಾಗಿ ಉದುರಿದವು.

ಮೇ ತಿಂಗಳ ಉಪ್ಪು, ಜುಲೈ ತಿಂಗಳ ರೋಗ

ಹುಡುಗ ಮೇ ರಜೆಯಲ್ಲಿ ಇಲ್ಲಿಗೆ ಬಂದಿದ್ದ. ದಿನಾ ಸಂಜೆ ಟ್ಯಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಮ್ಯೂಸಿಯಂ ಇರುವ ಕಡೆಯಿಂದ ಆಚೆ, ಅಲೆ ಹಿಂದೆ ಸರಿದ ಗಟ್ಟಿ ಹಸಿ ಮರಳಿನಲ್ಲಿ ಕಾರು ಬಿಟ್ಟದ್ದೇ ಬಿಟ್ಟದ್ದು. ಆ ಮರಳಿನ ಮೇಲೆ ಕಾರು ಓಡುವ ಚೆಂದ ಡಾಂಬರಿನ ಮೇಲೆ ಬರುವುದಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಒಂದೆರಡು ಸಲ ಅಲೆಯ ನೊರೆಯೊಳಗೂ ಹೋಗಿ ಬಂದಿತ್ತು. ಡಬ್ಬಿಯ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿತ್ತಲ್ಲ! ಆ ಮಾತು ಡಬ್ಬಿಯೊಳಗಿನ ಸರ್ಕ್ಯೂಟಿನದ್ದು. ಪ್ಲಗ್ಗಿನ ಬೆಸುಗೆಗೆ ಯಾರೂ ಹಾಗೆ ಬರೆದುಕೊಡುವುದಿಲ್ಲ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬೆಸುಗೆಯ ಹತ್ತಿರ ರಬ್ಬರ್ ಮುಗಿದು ಎಳೆಗಳು ಬಾಯಿ ತೆರೆದಿರುವಲ್ಲಿ ಒಂದು ಹನಿ ಬಿದ್ದರೆ ಸಾಕು, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ವೈರಿನೊಳಗೆ ಏರುತ್ತದೆ. ಹೊರಗಿನಿಂದ ಬಟ್ಟೆಯಲ್ಲಿ ಒರೆಸಿದರೆ ಆ ಹನಿ ಸಿಗುವುದಿಲ್ಲ. ನೀರು ಒಣಗುತ್ತದೆ, ಉಪ್ಪು ಉಳಿಯುತ್ತದೆ. ಒಣಗಿದ ಉಪ್ಪು ಅಷ್ಟಾಗಿ ಕೆಡುಕು ಮಾಡುವುದಿಲ್ಲ, ಅದಕ್ಕೇ ಮೇ ಕೊನೆಯವರೆಗೂ ಕಾರು ಸರಿಯಾಗೇ ಓಡಿತ್ತು. ಆಮೇಲೆ ಮಳೆಗಾಲ. ಗಾಳಿಯ ತೇವ ಶೇಕಡ 75 ದಾಟಿತೆಂದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಕಡಲುಪ್ಪಿನಲ್ಲಿರುವ ಮೆಗ್ನೀಸಿಯಂ ಲವಣ ಅದಕ್ಕಿಂತ ಎಷ್ಟೋ ಮೊದಲೇ. ಸಾಣಿಕಟ್ಟೆಯ ಕಲ್ಲುಪ್ಪಿನ ಭರಣಿ ಆಷಾಢದಲ್ಲಿ ನೀರೊಡೆಯುವುದನ್ನು ನಮ್ಮ ಜಿಲ್ಲೆಯ ಯಾವ ಅಡುಗೆಮನೆಗೂ ಹೇಳಿಕೊಡಬೇಕಿಲ್ಲ. ಶಿರಸಿಯ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಕಾರಿನ ವೈರಿನೊಳಗೂ ಅದೇ ಆಯಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತಾರಲ್ಲ, ತಂತಿಯೂ ಕುಡಿಯಿತು. ಕಾರು ಆ ಕಡಲತೀರದಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ಮನೆಯೊಳಗೆ ಸುಮ್ಮನೆ ಕೂತೇ ಒಂದು ತಿಂಗಳು ತುಕ್ಕು ಹಿಡಿಯಿತು.

ಘಟ್ಟದ ಮೇಲಿನವನ ಕಾರಿಗೆ ಸಮುದ್ರದ ರೋಗ ಅಂತ ನನಗೆ ಮೊದಲು ಹೊಳೆಯದೆ ಹೋದದ್ದು ಇದರಿಂದಲೇ. ಕೊನೆಯ ಸಲ ಉಪ್ಪುನೀರು ಕಂಡದ್ದು ಯಾವಾಗ ಅಂತ ಕೇಳುವಾಗ ಹೋದವಾರದ ಲೆಕ್ಕ ಸಾಲದು, ಹೋದ ಬೇಸಿಗೆಯ ಲೆಕ್ಕ ಬೇಕು.

ದುರಸ್ತಿ

ಕಪ್ಪಾದ ವೈರನ್ನು ತೊಳೆದು ಉಳಿಸುವ ಆಸೆ ಬೇಡ. ಕಪ್ಪು ಎಳೆಯ ಮೇಲೆ ಬೆಸುಗೆ ಹಿಡಿಯುವುದೇ ಇಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಳಿ ಬೀಳುತ್ತದೆ. ತಾಮ್ರ ಹೊಳೆಯುವಲ್ಲಿಯವರೆಗೆ ಕತ್ತರಿಸುತ್ತಾ ಹೋಗಬೇಕು. ನಮ್ಮಲ್ಲಿ ಕಸಿಯ ಆಚೆಯದ್ದು ಹೊಸ ಇಎಸ್‌ಸಿಯ ವೈರು, ಹೊಳೆಯುತ್ತಿತ್ತು. ಹಳೇ ಪ್ಲಗ್ಗನ್ನು ಎಸೆದು ಎಕ್ಸ್‌ಟಿ60 ಅನ್ನುವ ಜಾತಿಯ ಪ್ಲಗ್ ಹಾಕಿದೆವು, ಇಎಸ್‌ಸಿಗೂ ಎರಡೂ ಬ್ಯಾಟರಿಗೂ. ಅದರ ಬೆಸುಗೆಯ ಬಟ್ಟಲು ದೊಡ್ಡದು, ಉಲ್ಟಾ ಸೇರುವುದೂ ಇಲ್ಲ.

ಬ್ಯಾಟರಿಯ ವೈರು ಕತ್ತರಿಸುವಾಗ ಒಂದು ಸಲಕ್ಕೆ ಒಂದೇ. ಎರಡನ್ನೂ ಒಟ್ಟಿಗೆ ಕಟರಿನ ಬಾಯಿಗೆ ಕೊಟ್ಟರೆ ಕಟರಿನ ಹಲ್ಲೇ ಕರಗುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿ, ಆಮೇಲೆ ಇನ್ನೊಂದು. ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಡಿ. ಇಪ್ಪತ್ತು ವರ್ಷದಿಂದ ಬೆಸೆಯುತ್ತಿದ್ದೇನೆ, ಆವತ್ತೂ ಒಂದು ಸಲ ಮರೆತೆ. ರೇಡಿಯೊ ರಿಪೇರಿಯ 25 ವ್ಯಾಟ್ ಐರನ್ ಈ ದಪ್ಪದ ವೈರಿಗೆ ಸಾಲದು. ವೈರೇ ಕಾವನ್ನೆಲ್ಲ ಕುಡಿದು ಬೆಸುಗೆ ತಣ್ಣಗೆ, ಮಸಕಾಗಿ ಕೂರುತ್ತದೆ. 60 ವ್ಯಾಟ್, ಅಗಲ ಮೂತಿ, ವೈರಿಗೂ ಬಟ್ಟಲಿಗೂ ಬೇರೆಬೇರೆ ಮೊದಲು ಬೆಸುಗೆ ಹಚ್ಚಿಕೊಂಡು ಆಮೇಲೆ ಕೂಡಿಸುವುದು. ಬೆಸೆಯುವಾಗ ಪ್ಲಗ್ಗಿನ ಜೋಡಿಯನ್ನು ಒಳಗೆ ಸಿಕ್ಕಿಸಿಟ್ಟರೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನು ವಾಲುವುದಿಲ್ಲ. ಆ ಜೋಡಿ ಬ್ಯಾಟರಿಗೆ ಸೇರಿದ್ದಾಗಿರಬಾರದು ಅಂತ ಹೇಳಬೇಕಿಲ್ಲ, ಆದರೂ ಹೇಳಿದ್ದೇನೆ. ಕೊನೆಗೆ ಇಎಸ್‌ಸಿಗೆ ಸಿಕ್ಕಿಸುವ ಮೊದಲು ಬ್ಯಾಟರಿ ಪ್ಲಗ್ಗಿಗೆ ಮೀಟರ್ ಇಟ್ಟು ಧನ-ಋಣ ನೋಡಿ. ಉಲ್ಟಾ ಆದರೆ ಇಎಸ್‌ಸಿಗೆ ಎರಡನೇ ಅವಕಾಶ ಇಲ್ಲ.

ಮತ್ತೆ ಬಲ್ಬು ಹಾಕಿ ಅಳೆದೆವು. ಈ ಸಲ ಹೀಟ್ ಶ್ರಿಂಕ್ ಮುಚ್ಚುವ ಮೊದಲು. ಕೆಂಪು 4, ಕಪ್ಪು 4.

ಇದಲ್ಲದಿದ್ದರೆ

ಸ್ಟೇರಿಂಗೂ ಮೋಟರೂ ಒಟ್ಟಿಗೆ ಸತ್ತು ಹುಟ್ಟುವ ರೋಗದಲ್ಲಿ ಸರ್ವೊವನ್ನು ಮೊದಲು ಹಿಡಿಯಿರಿ. ಚಕ್ರ ಪೂರ್ತಿ ತಿರುಗಿ ಕಬ್ಬಿಣಕ್ಕೆ ತಾಗಿದ ಮೇಲೂ ಸರ್ವೊ ಝುಂಯ್ ಅನ್ನುತ್ತಿದ್ದರೆ, ತಿರುಗಲಾಗದ್ದನ್ನು ತಿರುಗಿಸಲು ಒದ್ದಾಡುತ್ತಾ ಬಿಇಸಿಯ ಕರೆಂಟನ್ನೆಲ್ಲ ಅದೇ ನುಂಗುತ್ತಿದೆ. ರಿಮೋಟಿನಲ್ಲಿ ಸ್ಟೇರಿಂಗಿನ ಎಂಡ್ ಪಾಯಿಂಟನ್ನು (ಎಲ್ಲಿಯವರೆಗೆ ತಿರುಗಬೇಕೆಂಬ ಮಿತಿ) ಸದ್ದು ನಿಲ್ಲುವವರೆಗೆ ಇಳಿಸಬೇಕು. ಪರೀಕ್ಷೆಗೆ ಸರ್ವೊ ಕಳಚಿಟ್ಟು ಓಡಿಸಿ ನೋಡಿ, ರಿಸೀವರಿನ ದೀಪ ಆರದಿದ್ದರೆ ಕಳ್ಳ ಅದೇ. ಬಿಇಸಿಗೆ ತಾಕತ್ತು ಸಾಲದೆ ಹೊರಗಿನಿಂದ ಬೇರೆ ಬಿಇಸಿ ಹಾಕಿದ್ದರೆ, ಇಎಸ್‌ಸಿಯಿಂದ ರಿಸೀವರಿಗೆ ಬರುವ ತೆಳು ವೈರಿನ ಕೆಂಪು ಎಳೆಯನ್ನು ಪಿನ್ನಿನಿಂದ ಬಿಡಿಸಿ ಟೇಪು ಸುತ್ತಬೇಕು. ಎರಡು ಬಿಇಸಿ ಒಂದೇ ಗೆರೆಯಲ್ಲಿ ಎಳೆದಾಡಬಾರದು.

ಗರಗರ ನಡುಗುವ ಮೋಟರಿನಲ್ಲಿ ಮೂರು ಗುಂಡು ಪಿನ್ನುಗಳನ್ನು ಎಳೆದು ನೋಡಿ. ಒಂದು ಸುಲಭವಾಗಿ ಕೈಗೆ ಬಂದರೆ ಅದೇ. ಮೋಟರ್ ಉಲ್ಟಾ ತಿರುಗಿದರೆ ಯಾವ ಎರಡು ವೈರನ್ನಾದರೂ ಅದಲು ಬದಲು ಮಾಡಿದರೆ ಸಾಕು, ಆದರೆ ಸೆನ್ಸರ್ ಇಲ್ಲದ ಮೋಟರಿನಲ್ಲಿ ಮಾತ್ರ. ಸೆನ್ಸರ್ ಇರುವುದರಲ್ಲಿ ಎಗೆ ಎ, ಬಿಗೆ ಬಿ, ಸಿಗೆ ಸಿ. ದಿಕ್ಕನ್ನು ಸೆಟ್ಟಿಂಗಿನಲ್ಲೇ ಬದಲಿಸಬೇಕು.

ಏನೂ ಹತ್ತದಿದ್ದರೆ ಸ್ವಿಚ್ಚು, ಆಮೇಲೆ ರಿಸೀವರಿನಲ್ಲಿ ಪಿನ್ನು ಉಲ್ಟಾ ಸಿಕ್ಕಿಸಿದ್ದು. ಕಂದು ಅಥವಾ ಕಪ್ಪು ಎಳೆ ಋಣ, ನಡುವಿನ ಕೆಂಪು ಧನ, ಕಿತ್ತಳೆ ಅಥವಾ ಬಿಳಿ ಸಂಕೇತದ್ದು. ಸ್ಟೇರಿಂಗ್ ಇದೆ, ಥ್ರಾಟಲ್ ಮಾತ್ರ ಇಲ್ಲ, ಇಎಸ್‌ಸಿ ಬೀಪ್ ಬೀಪ್ ಅನ್ನುತ್ತಲೇ ಇದೆ ಅಂದರೆ ರಿಮೋಟಿನ ಥ್ರಾಟಲ್ ಟ್ರಿಮ್ (ಥ್ರಾಟಲಿನ ನಡುಜಾಗ ಹೊಂದಿಸುವ ಗುಂಡಿ) ನಡುವಿನಿಂದ ಜರುಗಿದೆ.

ರೇಡಿಯೊದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ರಿಸೀವರಿನ ಆಂಟೆನಾದ ತುದಿಯ ಬೋಳು ಭಾಗ ಅದರ ಕಾಲು ಪಾಲು, 31 ಮಿಲಿಮೀಟರ್. ಆ ಬೋಳು ತುದಿ ಕೊಳವೆಯಲ್ಲಿ ನೆಟ್ಟಗೆ ಮೇಲೆ ನಿಂತಿರಬೇಕು. ಚಾಸಿಯ ಲೋಹಕ್ಕೆ ಒರಗಿ ಸುರುಳಿ ಸುತ್ತಿ ಮಲಗಿರಬಾರದು, ತುಂಡಾಗಿರಬಾರದು. ಇನ್ನು ಫೇಲ್‌ಸೇಫ್, ಅಂದರೆ ರಿಮೋಟಿನ ಸಂಕೇತ ತಪ್ಪಿದರೆ ಕಾರು ತಾನೇ ನಿಲ್ಲುವ ಏರ್ಪಾಡು. ಚಕ್ರ ಎತ್ತಿ ಸ್ವಲ್ಪ ಥ್ರಾಟಲ್ ಕೊಟ್ಟು, ರಿಮೋಟ್ ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದ ಕಾರನ್ನು ಕಡಲತೀರಕ್ಕೆ ತಂದರೆ ಅದು ಅರಬ್ಬಿ ಸಮುದ್ರಕ್ಕೆ ಕೊಟ್ಟ ಕಾಣಿಕೆ. ಈ ಪರೀಕ್ಷೆಯೊಂದನ್ನು ಬಿಟ್ಟರೆ ಮಿಕ್ಕಂತೆ ಯಾವತ್ತೂ ಮೊದಲು ರಿಮೋಟ್ ಆನ್, ಆಮೇಲೆ ಕಾರು. ಮುಗಿಸುವಾಗ ಮೊದಲು ಕಾರು ಆಫ್, ಆಮೇಲೆ ರಿಮೋಟ್.

ಹೊಸ ಇಎಸ್‌ಸಿಗೆ ಹುಡುಗ ಕ್ಯಾಲಿಬ್ರೇಶನ್ ಮಾಡಿರಲಿಲ್ಲ. ನಡು, ಪೂರ್ತಿ ಮುಂದೆ, ಪೂರ್ತಿ ಬ್ರೇಕ್, ಮೂರೂ ಜಾಗವನ್ನು ಅದಕ್ಕೆ ತೋರಿಸಿಕೊಟ್ಟೆವು. ಅದಕ್ಕೆ ಮೊದಲು ರಿಮೋಟಿನ ಥ್ರಾಟಲ್ ಟ್ರಿಮ್ ಸೊನ್ನೆಗೆ, ಎಂಡ್ ಪಾಯಿಂಟ್ ನೂರಕ್ಕೆ ಇರಬೇಕು. ಮಾಡದೆಯೂ ಓಡುತ್ತಿತ್ತು, ಆದರೆ ಹಿಂದಿನ ಇಎಸ್‌ಸಿಯಷ್ಟು ಜೋರಿಲ್ಲ ಅಂತ ಅವನ ದೂರಿತ್ತು. ಆ ದೂರಿನಲ್ಲಿ ಅರ್ಧ ಇದು.

ಕಡಲಿನಿಂದ ಬಂದ ದಿನ

ಇಲ್ಲಿಯವರಾದ ನಮಗೆ ಮರಳಲ್ಲಿ ಬಿಡಬೇಡಿ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಬಂದ ಕೂಡಲೇ ಬ್ಯಾಟರಿ ತೆಗೆದು, ಕಾರಿನ ಅಡಿಗೆ, ಪ್ಲಗ್ಗಿಗೆ, ಮೋಟರಿಗೆ ಬಾವಿ ನೀರು. ಉಪ್ಪನ್ನು ತೆಗೆಯುವುದು ಸಿಹಿನೀರೇ, ಒಣ ಬಟ್ಟೆಯಲ್ಲ. ಸೀಲ್ ಇಲ್ಲದ ರಿಸೀವರ್ ಇದ್ದರೆ ಅದನ್ನು ಮೊದಲೇ ಬಲೂನಿನೊಳಗೆ ಕಟ್ಟಿಡಬೇಕು. ಆಮೇಲೆ ಫ್ಯಾನಿನ ಕೆಳಗೆ ರಾತ್ರಿಯಿಡೀ, ಬೆಳಗ್ಗೆ ಬೇರಿಂಗುಗಳಿಗೆ ಹೊಲಿಗೆ ಮಿಶಿನ್ನಿನ ಎಣ್ಣೆ ಒಂದೊಂದು ಹನಿ. ಪ್ಲಗ್ಗಿನ ಬೆಸುಗೆ ಹಾಕುವ ದಿನವೇ ವೈರಿನ ಬಾಯಿಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿದರೆ ಉಪ್ಪುನೀರು ಒಳಗೆ ಏರುವ ದಾರಿಯೇ ಮುಚ್ಚುತ್ತದೆ. ಈಗ ನಾನು ಅದನ್ನೇ ಹಾಕುವುದು. ಮಳೆಗಾಲಕ್ಕೆ ಎತ್ತಿಡುವಾಗ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡಿ, ಪೂರ್ತಿ ತುಂಬಿಸಿ ಅಲ್ಲ. ಉಬ್ಬಿದ್ದನ್ನು ಚಾರ್ಜಿಗೆ ಹಾಕಲೇಬೇಡಿ.

ಸಂಜೆ ಮಳೆ ಅರ್ಧ ತಾಸು ಬಿಡುವು ಕೊಟ್ಟಿತು. ಮನೆ ಎದುರಿನ ಕಾಂಕ್ರೀಟ್ ರಸ್ತೆಯಲ್ಲಿ ನಿಂತಲ್ಲಿಂದ ಪೂರ್ತಿ ಥ್ರಾಟಲ್ ಹತ್ತು ಸಲ. ಒಂದು ಸಲವೂ ದೀಪ ಮಿಟುಕಲಿಲ್ಲ. ಹುಡುಗ ಹಳೇ ಬ್ಯಾಟರಿ ಹಾಕಿದ, ಅದೂ ಓಡಿತು. ಬಸ್ಸಿಗೆ ಹೊರಡುವಾಗ ಹಳೇ ಇಎಸ್‌ಸಿಯನ್ನು ಕಿಸೆಗೆ ಹಾಕಿಕೊಳ್ಳುತ್ತಾ, "ಮಾವಾ, ಒಂದು ಬ್ಯಾಟರಿ ಜಾಸ್ತಿ ಇದ್ದು, ಒಂದು ಇಎಸ್‌ಸಿ ಜಾಸ್ತಿ ಇದ್ದು. ಮೋಟರು, ಚಾಸಿ ಎರಡೇ ತಂದ್ರೆ ಇನ್ನೊಂದು ಕಾರೇ ಆಗ್ತು" ಅಂದ. ಅಕ್ಕನಿಗೆ ಹೇಳಿ ಒಪ್ಪಿಸುವ ಕೆಲಸ ನನ್ನದಂತೆ.